ಬೋರ್ ಹಾಕಿಸುವ ಮುನ್ನ ಸಿರಿಂಜ್ ತನ್ನಿ: ಹಳೆಯ ಎಂಜಿನ್ನಿಗೆ ಹೊಸ ಪಿಸ್ಟನ್, ಹೆಚ್ಚಿನ ಕಂಪ್ರೆಷನ್

ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದ ಮೂರನೇ ತಿರುವಿನಲ್ಲಿ ನನ್ನ ಜಿಪ್ಸಿಯ ಬಾನೆಟ್ಟಿನೊಳಗಿಂದ ಸ್ಟೀಲ್ ಡಬ್ಬಿಯಲ್ಲಿ ಕಡಲೆಕಾಳು ಕುಲುಕಿದಂಥ ಸದ್ದು ಬರತೊಡಗಿತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಹಿಂದೆ ಐದು ಚೀಲ ಗೊಬ್ಬರವಿತ್ತು. ಎಂಜಿನ್ ಕೆಲಸವಾಗಿ ಆರು ತಿಂಗಳೂ ಆಗಿರಲಿಲ್ಲ. ಗೇರ್ ಇಳಿಸುವ ಬುದ್ಧಿ ಬರಲಿಲ್ಲ. ಹೊಸ ಎಂಜಿನ್ನಿನ ಸೊಕ್ಕಿನಲ್ಲಿ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದೆ. ಬಂಡಲ ತಲುಪುವಷ್ಟರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ. ಬಿಚ್ಚಿ ನೋಡಿದರೆ ಮೂರನೇ ಪಿಸ್ಟನ್ನಿನಲ್ಲಿ ಎರಡು ರಿಂಗುಗಳ ನಡುವಿನ ಏಣು ಚೂರಾಗಿತ್ತು, ಆ ಚೂರು ಸಿಲಿಂಡರಿನ ಗೋಡೆಯನ್ನು ಗೀರಿತ್ತು.

ತಪ್ಪು ನನ್ನದೇ. ತಲೆ ಚಪ್ಪಟೆ ಇರುವ ಪಿಸ್ಟನ್ ತಂದು ಕೊಟ್ಟವನು ನಾನು. ‘ಹೆಡ್ ಸ್ವಲ್ಪ ಹೆಚ್ಚೇ ಫೇಸ್ ಮಾಡಿಬಿಡಿ, ಪವರ್ ಬರಲಿ’ ಎಂದು ಲೇತಿನವರಿಗೆ ಹೇಳಿದವನೂ ನಾನು. ಫೇಸ್ ಮಾಡುವುದೆಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡಿನ ಅಡಿಮೈಯನ್ನು ತೆಳ್ಳಗೆ ಕೆತ್ತುವುದು. ಕಂಪ್ರೆಷನ್ ಅನುಪಾತ ಎಷ್ಟಾಯಿತು ಎಂದು ಯಾರೂ ಅಳೆಯಲಿಲ್ಲ. ಆಮೇಲೆ ಅಳೆದಾಗ 10.5 ದಾಟಿತ್ತು. ಆ ಹೆಡ್ ಈಗ ಕೊಟ್ಟಿಗೆಯ ಅಟ್ಟದ ಮೇಲೆ ಕೂತಿದೆ.

ಎರಡನೇ ಸಲ ಮೊದಲು ತಂದದ್ದು ಪಿಸ್ಟನ್ ಅಲ್ಲ, ಮೆಡಿಕಲ್ ಅಂಗಡಿಯಿಂದ 50 ಮಿಲಿಲೀಟರಿನ ಸಿರಿಂಜ್. ಆ ಸಲ ಮಾಡಿದ ಕೆಲಸವನ್ನೇ ಕ್ರಮವಾಗಿ ಬರೆಯುತ್ತಿದ್ದೇನೆ. ಅಂಕಿಗಳು ಜಿಪ್ಸಿ ಕಿಂಗ್‌ನ 1.3 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಸೇರಿದವು: ಬೋರ್ (ಸಿಲಿಂಡರಿನ ಒಳವ್ಯಾಸ) 74 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75.5 ಮಿಲಿಮೀಟರ್, ನಾಲ್ಕು ಸಿಲಿಂಡರ್, 1298 ಸಿಸಿ. ವಿಧಾನ ಮಾತ್ರ ಯಾವ ಪೆಟ್ರೋಲ್ ಕಾರಿಗಾದರೂ ಹೊಂದುತ್ತದೆ. ಡೀಸೆಲ್ ಗಾಡಿಯವರಿಗೆ ಈ ಲೇಖನ ಉಪಯೋಗವಿಲ್ಲ.

ಎಷ್ಟು ಸಿಗುತ್ತದೆ?

ಪಿಸ್ಟನ್ ಕೆಳತುದಿಯಲ್ಲಿದ್ದಾಗ ಅದರ ಮೇಲಿರುವ ಒಟ್ಟು ಜಾಗವನ್ನು, ಮೇಲ್ತುದಿಗೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವುದೇ ಕಂಪ್ರೆಷನ್ ಅನುಪಾತ. ಅದು ಹೆಚ್ಚಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು. ಆದರೆ ಈ ಹೆಚ್ಚಳಕ್ಕೆ ಮಿತಿಯಿದೆ. ಪೆಟ್ರೋಲ್ ಎಂಜಿನ್ನಿಗೆ ಪಠ್ಯಪುಸ್ತಕದಲ್ಲಿ ಕೊಡುವ ಆಟೊ (Otto) ಚಕ್ರದ ಸೂತ್ರ ಹಾಕಿದರೆ ಅನುಪಾತ 9 ಇದ್ದಾಗ ಆದರ್ಶ ದಕ್ಷತೆ ಶೇ. 58.5, 9.8ಕ್ಕೆ ಶೇ. 59.9, 10.5ಕ್ಕೆ ಶೇ. 61. ಅಂದರೆ 9ರಿಂದ 9.8ಕ್ಕೆ ಏರಿಸಿದರೆ ಸಿಗುವುದು ನೂರಕ್ಕೆ ಎರಡೂವರೆಯಷ್ಟು ಹೆಚ್ಚಳ. 80 ಅಶ್ವಶಕ್ತಿಯ ಎಂಜಿನ್ನಿಗೆ ಎರಡು ಕುದುರೆ.

ಇಷ್ಟಕ್ಕಾಗಿಯೇ ಚೆನ್ನಾಗಿರುವ ಎಂಜಿನ್ ಬಿಚ್ಚುವುದು ದಂಡ. ಬೋರ್ ಸವೆದು, ಆಯಿಲ್ ಕುಡಿಯುತ್ತಾ, ಹೇಗೂ ಬಿಚ್ಚಲೇಬೇಕಾದ ಎಂಜಿನ್ ಆದರೆ ಪಿಸ್ಟನ್ನನ್ನು ಬುದ್ಧಿಯಿಂದ ಆರಿಸಿದರೆ ಈ ಎರಡೂವರೆ ಹೆಚ್ಚುಕಡಿಮೆ ಪುಕ್ಕಟೆ ಬರುತ್ತದೆ. ‘ಪಿಸ್ಟನ್ ಬದಲಿಸಿದ ಮೇಲೆ ಗಾಡಿ ಹಾರುತ್ತದೆ’ ಎನ್ನುವವರ ಗಾಡಿಯಲ್ಲಿ ಹಾರಿಸುತ್ತಿರುವುದು ಬಹುಪಾಲು ಹೊಸ ರಿಂಗು ಮತ್ತು ನೆಟ್ಟಗಾದ ವಾಲ್ವ್ ಸೀಟು.

ಬಿಚ್ಚುವ ಮುನ್ನ

ಎಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ತೆಗೆದು, ಇಂಧನ ಮತ್ತು ಕಿಡಿಯ ಸಂಪರ್ಕ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಷನ್ ಗೇಜ್ ಹಾಕಿ ನೋಡಿ. ಬರೆದಿಟ್ಟುಕೊಳ್ಳಿ. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗು ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಸೋರುತ್ತಿದೆ. ದೋಷ ವಾಲ್ವಿನದಾದರೆ ಹೆಡ್ ಒಂದನ್ನೇ ಇಳಿಸಿದರೆ ಸಾಕು, ಪಿಸ್ಟನ್ನಿನ ಗೋಜು ಬೇಡ.

ಗೇಜಿನಲ್ಲಿ ಕಾಣುವುದು ಒತ್ತಡ, ಅನುಪಾತವಲ್ಲ. ‘ಕಂಪ್ರೆಷನ್ ಚೆನ್ನಾಗಿದೆ’ ಎಂದು ಮೇಸ್ತ್ರಿ ಹೇಳುವುದು ಒತ್ತಡದ ಮಾತು. ನಾವು ಬದಲಿಸಹೊರಟಿರುವುದು ಜಾಗದ ಲೆಕ್ಕ. ಇವೆರಡನ್ನು ಕಲಸಿಕೊಂಡದ್ದರಿಂದಲೇ ನನ್ನ ಮೊದಲ ಎಂಜಿನ್ ಹಾಳಾದದ್ದು.

ಬಿಚ್ಚಿದ ಮೇಲೆ ಬೋರನ್ನು ಡಯಲ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಬೇಕು. ಸಾಮಾನ್ಯವಾಗಿ ಅತಿ ಹೆಚ್ಚು ಸವೆಯುವುದು ಮೇಲಿನ ರಿಂಗು ತಿರುಗಿ ಇಳಿಯುವ ಜಾಗ. ಅಲ್ಲಿ ಉಗುರಿಗೆ ಸಿಗುವಷ್ಟು ಏಣು ಎದ್ದಿರುತ್ತದೆ. ಅಳತೆಗಳ ನಡುವಿನ ವ್ಯತ್ಯಾಸ 0.1 ಮಿಲಿಮೀಟರ್ ಮುಟ್ಟಿದ್ದರೆ ಬೋರ್ ಹಾಕಿಸದೆ, ಅಂದರೆ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿಸದೆ, ಗತಿಯಿಲ್ಲ. ಬರೀ ರಿಂಗು ಬದಲಿಸಿದರೆ ಒಂದು ಮಳೆಗಾಲ ಕಳೆಯುವುದರೊಳಗೆ ಮತ್ತೆ ಹೊಗೆ.

ಸಿರಿಂಜಿನ ಕೆಲಸ

ಮೇಲ್ತುದಿಯಲ್ಲಿ ಉಳಿಯುವ ಜಾಗ ನಾಲ್ಕು ಕಡೆ ಹಂಚಿಕೊಂಡಿರುತ್ತದೆ: ಹೆಡ್ಡಿನ ಚೇಂಬರ್, ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ ಬ್ಲಾಕಿನ ಮೇಲ್ಮೈಗಿಂತ ಕೆಳಗೆ ನಿಲ್ಲುವ ಅಂತರ, ಪಿಸ್ಟನ್ ತಲೆಯ ಬಟ್ಟಲು. ನಾಲ್ಕನ್ನೂ ಬೇರೆ ಬೇರೆ ಅಳೆದು ಕೂಡಿಸಬೇಕು.

ಮೊದಲು ಚೇಂಬರ್. ಇಂಗಾಲವನ್ನೆಲ್ಲ ಕೆರೆದು ತೊಳೆದ ಹೆಡ್ಡಿಗೆ ವಾಲ್ವು ಮತ್ತು ನೀವು ಮುಂದೆ ಬಳಸಲಿರುವ ಪ್ಲಗ್ ಕೂರಿಸಿ, ಚೇಂಬರ್ ಮೇಲ್ಮುಖವಾಗಿ ಬರುವಂತೆ ಮೇಜಿನ ಮೇಲೆ ಇಡಿ. ಗಾಜಿನ ಅಂಗಡಿಯಲ್ಲಿ ಅಂಗೈ ಅಗಲದ ಅಕ್ರಿಲಿಕ್ ತುಂಡಿಗೆ ಒಂದು ಸಣ್ಣ ತೂತು ಹಾಕಿಸಿ ತನ್ನಿ. ಚೇಂಬರಿನ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ ಅದನ್ನು ಒತ್ತಿ ಕೂರಿಸಿ. ತೂತು ಒಂದು ಬದಿಯ ಅಂಚಿಗಿರಲಿ, ಆ ಬದಿ ಕೂದಲೆಳೆಯಷ್ಟು ಎತ್ತರದಲ್ಲಿರಲಿ. ಗಾಳಿ ಹೊರಹೋಗಲು ದಾರಿ ಬೇಕು. ಸಿರಿಂಜಿನಲ್ಲಿ ಡೀಸೆಲ್ ತುಂಬಿಕೊಂಡು ನಿಧಾನವಾಗಿ ಬಿಡಿ. ಕೊನೆಯ ಗುಳ್ಳೆ ಮಾಯವಾದಾಗ ಎಷ್ಟು ಹಿಡಿಯಿತೆಂದು ಬರೆಯಿರಿ. ನೀರು ಬೇಡ: ಅಂಚಿನಲ್ಲಿ ಉಬ್ಬಿ ನಿಂತು ಅಳತೆ ಕೆಡಿಸುತ್ತದೆ, ತುಕ್ಕು ಬೇರೆ. ಪ್ರತಿ ಚೇಂಬರನ್ನೂ ಮೂರು ಸಲ ಅಳೆಯಿರಿ. ನಾಲ್ಕು ಚೇಂಬರುಗಳ ನಡುವೆ ಅರ್ಧ ಸಿಸಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ಹಿಡಿದದ್ದನ್ನು ಸ್ವಲ್ಪ ಉಜ್ಜಿ ದೊಡ್ಡದು ಮಾಡಿ ಸರಿದೂಗಿಸಬೇಕು.

ನನ್ನ ಜೊತೆ ಕೆಲಸಕ್ಕೆ ನಿಂತಿದ್ದ ಮೇಸ್ತ್ರಿ ಎರಡನೇ ಚೇಂಬರ್ ಮುಗಿಯುವಷ್ಟರಲ್ಲಿ ಬೀಡಿ ಹಚ್ಚಲು ಹೊರಗೆ ಹೊರಟರು. ‘ಹೆಗಡೆಯವರೇ, ನೀವು ಡೀಸೆಲ್ ಕುಡಿಸುವ ಹೊತ್ತಿಗೆ ನಾನು ಎಂಜಿನ್ ಕಟ್ಟಿ ಗಾಡಿ ಓಡಿಸಿರುತ್ತಿದ್ದೆ’ ಎಂದರು. ನಿಜವೇ. ಹೋದ ಸಲ ಹಾಗೆಯೇ ಓಡಿಸಿದ್ದೆವು.

ಗ್ಯಾಸ್ಕೆಟ್ಟಿನ ದಪ್ಪವನ್ನು ಹೊಸದರಲ್ಲಿ ಅಳೆಯಬಾರದು. ಬಿಗಿದ ಮೇಲೆ ಅದು ಅಪ್ಪಚ್ಚಿಯಾಗುತ್ತದೆ. ಹಾಗಾಗಿ ಕಳಚಿದ ಹಳೆಯ ಗ್ಯಾಸ್ಕೆಟ್ಟಿನ ಸಿಲಿಂಡರ್ ಬಳೆಯನ್ನೇ ಮೈಕ್ರೋಮೀಟರಿನಲ್ಲಿ ಹಿಡಿಯಿರಿ. ಬಳೆಯ ಒಳವ್ಯಾಸ 75.5 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್ ಇದ್ದರೆ ಅದರ ಜಾಗ 5.4 ಸಿಸಿ.

ಪಿಸ್ಟನ್ ಎಷ್ಟು ಕೆಳಗೆ ನಿಲ್ಲುತ್ತದೆ ಎಂಬುದನ್ನು ಪಿಸ್ಟನ್ನನ್ನು ರಿಂಗಿಲ್ಲದೆ ಜೋಡಿಸಿ, ಮೇಲ್ತುದಿಗೆ ತಂದು, ಡಯಲ್ ಗೇಜ್ ಅಥವಾ ವರ್ನಿಯರಿನ ಬಾಲದಿಂದ ನೋಡಬಹುದು. ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ನೇರಕ್ಕೆ ಅಳೆಯಿರಿ, ಇಲ್ಲದಿದ್ದರೆ ಪಿಸ್ಟನ್ ಓಲಾಡಿ ಸುಳ್ಳು ಹೇಳುತ್ತದೆ. 74.5 ಬೋರಿನಲ್ಲಿ 0.3 ಮಿಲಿಮೀಟರ್ ಅಂತರವೆಂದರೆ 1.3 ಸಿಸಿ.

ಪಿಸ್ಟನ್ ತಲೆಯ ಬಟ್ಟಲಿಗೂ ಅದೇ ಸಿರಿಂಜ್. ಪಿಸ್ಟನ್ ತಲೆಯ ಅಂಚನ್ನು ಬ್ಲಾಕಿನ ಮೇಲ್ಮೈಯಿಂದ ಸರಿಯಾಗಿ 10 ಮಿಲಿಮೀಟರ್ ಕೆಳಗಿಳಿಸಿ, ಸುತ್ತಲಿನ ಸಂದಿಗೆ ಗ್ರೀಸ್ ತುಂಬಿ, ಅಕ್ರಿಲಿಕ್ ಮುಚ್ಚಿ ಡೀಸೆಲ್ ಬಿಡಿ. 74.5 ಬೋರಿನಲ್ಲಿ ತಲೆ ಪೂರ್ತಿ ಚಪ್ಪಟೆ ಇದ್ದಿದ್ದರೆ 43.6 ಸಿಸಿ ಹಿಡಿಯಬೇಕು. 46.6 ಹಿಡಿಯಿತೆಂದರೆ ಹೆಚ್ಚಿನ 3 ಸಿಸಿ ಬಟ್ಟಲಿನದು. 43.6ಕ್ಕಿಂತ ಕಡಿಮೆ ಹಿಡಿದರೆ ತಲೆ ಉಬ್ಬಿದೆ ಎಂದರ್ಥ. ಲೆಕ್ಕದಲ್ಲಿ ಅಷ್ಟನ್ನು ಕಳೆಯಬೇಕು.

ಈಗ ಕೂಡಿಸೋಣ. ದುಂಡಾದ ಅಂಕಿ ಹಿಡಿಯುತ್ತೇನೆ, ನಿಮ್ಮ ಎಂಜಿನ್ನಿನದನ್ನು ನೀವೇ ಅಳೆದು ತುಂಬಬೇಕು. ಕಂಪನಿಯಿಂದ ಬಂದಂತೆ ಚೇಂಬರ್ 29, ಗ್ಯಾಸ್ಕೆಟ್ 5.4, ಅಂತರ 1.3, ಬಟ್ಟಲು 4.9: ಒಟ್ಟು 40.6 ಸಿಸಿ. 74 ಬೋರಿನಲ್ಲಿ ಪಿಸ್ಟನ್ ಓಡಾಡುವ ಜಾಗ 324.7 ಸಿಸಿ. ಎರಡನ್ನೂ ಕೂಡಿಸಿ 40.6ರಿಂದ ಭಾಗಿಸಿದರೆ 9.

ಬೋರನ್ನು ಅರ್ಧ ಮಿಲಿಮೀಟರ್ ದೊಡ್ಡದು ಮಾಡಿದರೆ, ಅಂದರೆ ಲೇತಿನವರ ಮಾತಿನಲ್ಲಿ ‘ಐವತ್ತು ಸೈಜ್’ ಹಾಕಿದರೆ, ಓಡಾಡುವ ಜಾಗ 329.1 ಸಿಸಿ ಆಗುತ್ತದೆ. ಮೇಲಿನ ಜಾಗ 40.6 ಆಗಿಯೇ ಉಳಿದರೂ ಅನುಪಾತ ತಾನಾಗಿ 9.1ಕ್ಕೆ ಏರುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 9.8 ಬೇಕಾದರೆ 329.1ನ್ನು 8.8ರಿಂದ ಭಾಗಿಸಿ: ಮೇಲೆ 37.4 ಸಿಸಿ ಮಾತ್ರ ಉಳಿಯಬೇಕು. 3.2 ಸಿಸಿ ಎಲ್ಲಿಂದಾದರೂ ಕಡಿಮೆಯಾಗಬೇಕು.

ಎಲ್ಲಿಂದ ಎನ್ನುವುದರಲ್ಲೇ ಕೆಲಸದ ಜಾಣತನವಿದೆ. ಒಂದು ದಾರಿ, ಬಟ್ಟಲು 1.7 ಸಿಸಿ ಮಾತ್ರ ಇರುವ ಪಿಸ್ಟನ್ ತಂದು ಹಾಕುವುದು. ಸುಲಭ, ಆದರೆ ಪಿಸ್ಟನ್ ತಲೆಗೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ನಡುವೆ 1.5 ಮಿಲಿಮೀಟರ್ ಸಂದಿ ಹಾಗೆಯೇ ಉಳಿಯುತ್ತದೆ. ಎರಡನೇ ದಾರಿ, ಬ್ಲಾಕಿನ ಮೇಲ್ಮೈಯನ್ನು 0.3 ಮಿಲಿಮೀಟರ್ ಫೇಸ್ ಮಾಡಿಸಿ ಪಿಸ್ಟನ್ನನ್ನು ಸಮಕ್ಕೆ ತರುವುದು, 1.3 ಸಿಸಿ ಅಲ್ಲೇ ಹೋಯಿತು. ಆಗ 3 ಸಿಸಿ ಬಟ್ಟಲಿನ ಪಿಸ್ಟನ್ ಸಾಕು, ಅನುಪಾತ ಅದೇ 9.8. ಸಂದಿ ಮಾತ್ರ 1.2ಕ್ಕೆ ಇಳಿದಿದೆ. ಪಿಸ್ಟನ್ ಮೇಲೆ ಬರುವಾಗ ಆ ಕಿರಿದಾದ ಸಂದಿಯಲ್ಲಿದ್ದ ಗಾಳಿ ಪೆಟ್ರೋಲಿನ ಮಿಶ್ರಣ ಪಿಚ್ಚನೆ ಚೇಂಬರಿಗೆ ಹಾರಿ ಕಲಕಿಕೊಳ್ಳುತ್ತದೆ, ಬೇಗ ಉರಿಯುತ್ತದೆ. ಅಂಚಿನಲ್ಲಿ ತಾನಾಗಿ ಹೊತ್ತಿಕೊಳ್ಳಲು ಮಿಶ್ರಣ ಉಳಿಯುವುದಿಲ್ಲ. ಹಾಗಾಗಿ ನಾಕಿಂಗ್, ಅಂದರೆ ಮಿಶ್ರಣ ತಾನಾಗಿ ಹೊತ್ತಿ ಎಬ್ಬಿಸುವ ಆ ಕಡಲೆಕಾಳಿನ ಸದ್ದು, ಕಡಿಮೆ. ಈ ಸಂದಿ 1 ಮಿಲಿಮೀಟರ್ ಆಸುಪಾಸು ಇದ್ದರೆ ಉತ್ತಮ. 0.8ಕ್ಕಿಂತ ಕೆಳಗೆ ಹೋಗಬೇಡಿ: ಹೆಚ್ಚು ವೇಗದಲ್ಲಿ ರಾಡು ಹಿಗ್ಗಿ ಪಿಸ್ಟನ್ ಹೆಡ್ಡಿಗೆ ತಾಗಬಹುದು. ನಾನು ಎರಡನೇ ದಾರಿ ಹಿಡಿದೆ.

ಹೆಡ್ಡನ್ನು ಫೇಸ್ ಮಾಡಿಸುವುದು ಮೂರನೇ ದಾರಿ. ಬಾಗಿದ ಹೆಡ್ ನೆಟ್ಟಗಾಗುವಷ್ಟು ಮಾತ್ರ ಮಾಡಿಸಿ. ಬೆಲ್ಟಿನಿಂದ ತಿರುಗಿ ವಾಲ್ವ್ ತೆರೆಯುವ ಕ್ಯಾಮ್ ಹೆಡ್ಡಿನ ಮೇಲೆಯೇ ಇರುವ ಎಂಜಿನ್ನಿನಲ್ಲಿ ಹೆಡ್ ಅಥವಾ ಬ್ಲಾಕ್ ತೆಳುವಾದಷ್ಟೂ ವಾಲ್ವಿನ ಸಮಯ ತುಸು ಹಿಂದೆ ಬೀಳುತ್ತದೆ.

ಎಷ್ಟಕ್ಕೆ ನಿಲ್ಲಬೇಕು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಬೇರೆಯದೇ ಒಂದು ಮುಖವಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ. 7ರಷ್ಟು ಕಡಿಮೆ. ಸಿಲಿಂಡರಿಗೆ ಹೋಗುವ ಗಾಳಿಯೇ ಕಡಿಮೆ, ನಾಕಿಂಗೂ ಕಡಿಮೆ. ಶಿರಸಿಯ ಗ್ಯಾರೇಜಿನಲ್ಲಿ ಟ್ಯೂನ್ ಮಾಡಿ ‘ಸದ್ದೇ ಇಲ್ಲ’ ಎಂದು ಖುಷಿಪಟ್ಟ ಗಾಡಿ ಕುಮಟಾಕ್ಕೆ ಇಳಿದು, ಬಿಸಿಲಿನಲ್ಲಿ ಭಾರ ಹೊತ್ತು ಮತ್ತೆ ಘಟ್ಟದ ಬುಡದಲ್ಲಿ ನಿಂತಾಗ ಹಲ್ಲು ಕಡಿಯತೊಡಗುತ್ತದೆ. ನನಗಾದದ್ದು ಅದೇ. ಆದ್ದರಿಂದ ಅನುಪಾತವನ್ನು ಘಟ್ಟದ ಮೇಲಿನ ಹವೆಗೆ ನಿರ್ಧರಿಸಬೇಡಿ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಭಾರ ತುಂಬಿಕೊಂಡು ಕೆಳಗಿನಿಂದ ಹೊರಡುವ ಗಾಡಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ.

ಇನ್ನು ಪೆಟ್ರೋಲ್. ನಾಕಿಂಗನ್ನು ಹೆಚ್ಚು ತಡೆಯುವ 95 ಆಕ್ಟೇನಿನ ದುಬಾರಿ ಪೆಟ್ರೋಲ್ ಹೆದ್ದಾರಿಯ ಬಂಕುಗಳಲ್ಲಿ ಸಿಗಬಹುದು, ಜೊಯಿಡಾ ಕಡೆ ಹೋದಾಗ ಸಿಕ್ಕಿದ್ದನ್ನು ಹಾಕಿಸಬೇಕು. ಕೆಟ್ಟ ಪೆಟ್ರೋಲಿನಲ್ಲೂ ಬದುಕುವ ಎಂಜಿನ್ ಕಟ್ಟುವುದೇ ಲೇಸು. ಎಥೆನಾಲ್ ಬೆರೆತ ಪೆಟ್ರೋಲ್ ನಾಕಿಂಗನ್ನು ತಡೆಯುವುದು ನಿಜ. ಆದರೆ ಅದಕ್ಕೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು: ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನದ ತೂಕದ ಪ್ರಮಾಣ 14.7, ಶೇ. 20 ಎಥೆನಾಲ್ ಇದ್ದರೆ ಸುಮಾರು 13.5. ಕಾರ್ಬ್ಯುರೇಟರ್ ಗಾಡಿಯಲ್ಲಿ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತು) ಬದಲಿಸದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಹಳೆಯ ರಬ್ಬರ್ ಪೈಪುಗಳೂ ಮೆತ್ತಗಾಗುತ್ತವೆ; ಎಂಜಿನ್ ಹೊರಗಿರುವಾಗಲೇ ಬದಲಿಸಿಬಿಡಿ. ಎಥೆನಾಲ್ ಗಾಳಿಯಲ್ಲಿನ ತೇವ ಹೀರುವ ಗುಣದ್ದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಅರ್ಧ ಖಾಲಿ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ.

ಇದನ್ನೆಲ್ಲ ತೂಗಿ ನನ್ನ ಗಾಡಿಗೆ 9.8 ಎಂದು ನಿಲ್ಲಿಸಿದೆ. ನಾಕ್ ಸೆನ್ಸರ್ ಇಲ್ಲದ, ಭಾರ ಹೊರುವ ಹಳೆಯ ಎಂಜಿನ್ನಿಗೆ ಇಲ್ಲಿ ಅದಕ್ಕಿಂತ ಮೇಲೆ ಹೋಗಲು ನಾನು ಯಾರಿಗೂ ಹೇಳುವುದಿಲ್ಲ.

ಯಾವ ಪಿಸ್ಟನ್?

ಎರಕದ ಪಿಸ್ಟನ್ ಅಗ್ಗ, ಕಡಿಮೆ ಹಿಗ್ಗುತ್ತದೆ, ಬೋರಿನಲ್ಲಿ ಬಿಗಿಯಾಗಿ ಸದ್ದಿಲ್ಲದೆ ಕೂರುತ್ತದೆ. ನಾಕಿಂಗ್ ಹೊಡೆತಕ್ಕೆ ಒಡೆಯುತ್ತದೆ. ಸಿಲಿಕಾನ್ ಹೆಚ್ಚಿರುವ ಎರಕ ಇನ್ನೂ ಗಟ್ಟಿ, ಇನ್ನೂ ಕಡಿಮೆ ಹಿಗ್ಗುತ್ತದೆ, ಒಡೆಯುವಾಗ ಗಾಜಿನಂತೆ ಒಡೆಯುತ್ತದೆ. ಫೋರ್ಜ್ ಮಾಡಿದ್ದು (ಲೋಹವನ್ನು ಒತ್ತಿ ರೂಪಿಸಿದ್ದು) ಹೊಡೆತ ತಾಳುತ್ತದೆ, ಆದರೆ ಹೆಚ್ಚು ಹಿಗ್ಗುವುದರಿಂದ ಸಡಿಲವಾಗಿ ಕೂರಿಸಬೇಕು; ಬೆಳಗ್ಗೆ ತಣ್ಣಗಿರುವಾಗ ಟಪಟಪ ಎನ್ನುತ್ತದೆ. ಎರಕದ್ದಕ್ಕೆ ಗೋಡೆಯಿಂದ 0.02–0.04 ಮಿಲಿಮೀಟರ್ ಸಡಿಲ ಸಾಕಾದರೆ ಕೆಲವು ಫೋರ್ಜ್ ಪಿಸ್ಟನ್ನಿಗೆ ಇದರ ಎರಡು ಪಟ್ಟು ಬೇಕು. ಪಿಸ್ಟನ್ ಪೆಟ್ಟಿಗೆಯಲ್ಲಿ ಬಂದ ಚೀಟಿಯ ಅಂಕಿಯನ್ನೇ ನಂಬಿ. ಟರ್ಬೋ ಇಲ್ಲದ, 9.8ರ ಎಂಜಿನ್ನಿಗೆ ಒಳ್ಳೆಯ ಎರಕದ ಪಿಸ್ಟನ್ ಧಾರಾಳ. ಫೋರ್ಜ್‌ಗೆ ಕೊಡುವ ದುಡ್ಡಿನಲ್ಲಿ ರೇಡಿಯೇಟರ್ ಮತ್ತು ವಾಟರ್ ಪಂಪ್ ಹೊಸದು ಹಾಕಿಸಿ. ಘಟ್ಟದಲ್ಲಿ ನಿಮ್ಮನ್ನು ಕಾಯುವುದು ಅವೇ.

ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಹಾಕಿಸಬೇಕು. ಮೊದಲೇ ಬೋರ್ ಹಾಕಿಸಿ ಆಮೇಲೆ ಪಿಸ್ಟನ್ ಹುಡುಕುವುದು ಚಪ್ಪಲಿ ನೋಡಿ ಕಾಲು ಕೊಯ್ದಂತೆ. ಪ್ರತಿ ಪಿಸ್ಟನ್ನಿನ ಸ್ಕರ್ಟನ್ನು (ರಿಂಗುಗಳ ಕೆಳಗಿನ ಭಾಗ) ಚೀಟಿ ಹೇಳಿದ ಎತ್ತರದಲ್ಲಿ ಅಳೆದು, ಅದರ ಮೇಲೆ ಸಿಲಿಂಡರ್ ಸಂಖ್ಯೆ ಬರೆದು, ನಾಲ್ಕನ್ನೂ ಬ್ಲಾಕಿನ ಜೊತೆಗೇ ಒಯ್ಯಿರಿ.

ತೂಕವನ್ನೂ ನೋಡಿ. ಪಿನ್ ಸಹಿತ ನಾಲ್ಕು ಪಿಸ್ಟನ್‌ಗಳ ನಡುವೆ ಒಂದು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಾನು ಪೇಟೆಯ ಚಿನ್ನದ ಅಂಗಡಿಗೆ ಹೋಗಿ ತೂಗಿಸಿದೆ. ‘ಇದಕ್ಕೆ ವೇಸ್ಟೇಜ್ ಹಾಕಲೇ?’ ಎಂದು ಅಂಗಡಿಯವರು ಕೇಳಿದರು. ಒಂದು ಪಿಸ್ಟನ್ 3 ಗ್ರಾಂ ಹೆಚ್ಚಿತ್ತು. ಪಿನ್ನಿನ ಗುಬ್ಬಿಯ ಒಳಬದಿಯಿಂದ ಅಷ್ಟನ್ನು ಅರದಿಂದ ಉಜ್ಜಿ ತೆಗೆದೆ. ಸ್ಕರ್ಟನ್ನೂ ತಲೆಯನ್ನೂ ಮುಟ್ಟಬಾರದು.

ಲೇತಿನ ಅಂಗಡಿ, ಆರ್‌ಸಿ ಪುಸ್ತಕ

ಬ್ಲಾಕನ್ನು ನಾನು ಹುಬ್ಬಳ್ಳಿಗೆ ಒಯ್ದೆ. ಎಲ್ಲಿಗೇ ಒಯ್ಯಿರಿ, ಮೂರು ಮಾತು ಕೇಳಿ: ಪ್ರತಿ ಸಿಲಿಂಡರನ್ನು ಅದರದೇ ಪಿಸ್ಟನ್ನಿಗೆ ಹೊಂದಿಸುತ್ತೀರಾ, ಕೊನೆಯ 0.05 ಮಿಲಿಮೀಟರನ್ನಾದರೂ ಹೋನಿಂಗಿನಿಂದಲೇ (ಕಲ್ಲಿನಿಂದ ನಯವಾಗಿ ಉಜ್ಜಿ) ತೆಗೆಯುತ್ತೀರಾ, ಟಾರ್ಕ್ ಪ್ಲೇಟ್ ಇದೆಯೇ? ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸ್ವಲ್ಪ ಸೊಟ್ಟಗಾಗುತ್ತದೆ. ದಪ್ಪ ಉಕ್ಕಿನ ಪ್ಲೇಟನ್ನು ಹೆಡ್ಡಿನಂತೆ ಬಿಗಿದು ಹೋನ್ ಮಾಡಿದರೆ ಆ ಸೊಟ್ಟವನ್ನೂ ಸೇರಿಸಿ ಗುಂಡಗೆ ಮಾಡಿದಂತಾಗುತ್ತದೆ. ಪ್ಲೇಟ್ ಇಲ್ಲದಿದ್ದರೆ ಪ್ರಪಂಚವೇನೂ ಮುಳುಗುವುದಿಲ್ಲ. ಮೊದಲೆರಡಕ್ಕೆ ‘ಅದೆಲ್ಲ ಏನೂ ಬೇಡ’ ಎಂದರೆ ಬ್ಲಾಕ್ ಹೊತ್ತುಕೊಂಡು ಹೊರಬನ್ನಿ. ಹೋನಿಂಗ್ ಆದ ಗೋಡೆಯ ಮೇಲೆ ಕತ್ತರಿ ಹಾಕಿದಂಥ ಗೆರೆಗಳು ಸುಮಾರು 45 ಡಿಗ್ರಿಯಲ್ಲಿ ಸಮನಾಗಿ ಕಾಣಬೇಕು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕಂಪನಿಯೇ ಕೊಡುವ ಓವರ್ ಸೈಜ್ ಪಿಸ್ಟನ್ ದುರಸ್ತಿಯ ಭಾಗ. ಹೊಸ ಸ್ಲೀವ್ ಹಾಕಿ ಬೋರನ್ನು ಇನ್ನಷ್ಟು ದೊಡ್ಡದು ಮಾಡುವುದು, ಬೇರೆ ಬ್ಲಾಕ್ ಕೂರಿಸುವುದು ಇತ್ಯಾದಿಗಳ ಯೋಚನೆ ಇದ್ದರೆ ಕಾರವಾರ, ಶಿರಸಿ, ಹೊನ್ನಾವರ ಅಥವಾ ದಾಂಡೇಲಿಯ ನಿಮ್ಮ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ತೊಳೆಯುವುದು

ಈ ಕೆಲಸವನ್ನು ಹೆಚ್ಚಿನವರು ಅರ್ಧಂಬರ್ಧ ಮಾಡುತ್ತಾರೆ. ಹೋನಿಂಗ್ ಕಲ್ಲಿನ ಪುಡಿ ಆ ಗೆರೆಗಳಲ್ಲಿ ಕೂತಿರುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಅದನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತವೆಯೇ ಹೊರತು ಎತ್ತುವುದಿಲ್ಲ. ಬಚ್ಚಲ ಹಂಡೆಯ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್. ಬಿಳಿ ಪಂಚೆಯ ತುಂಡಿನಿಂದ ಗೋಡೆ ಒರೆಸಿದಾಗ ಬೂದು ಬಣ್ಣ ಹತ್ತದಿರುವ ತನಕ ಉಜ್ಜಿ. ಆಯಿಲ್ ದಾರಿಗಳಿಗೂ ಉದ್ದನೆಯ ಬ್ರಷ್ ಹಾಕಿ, ಕಂಪ್ರೆಸರಿನ ಗಾಳಿ ಹೊಡೆಯಿರಿ.

ನೀರು ಆರಿದ ಕೂಡಲೇ ಆಯಿಲ್ ಸವರಬೇಕು. ಕೂಡಲೇ ಎಂದರೆ ಕೂಡಲೇ, ಚಹಾ ಕುಡಿದು ಬಂದ ಮೇಲಲ್ಲ. ಕಾರವಾರದ ಜೂನ್ ತಿಂಗಳ ಗಾಳಿಯಲ್ಲಿ ಹೊಸದಾಗಿ ಹೋನ್ ಮಾಡಿದ ಬೀಡು ಕಬ್ಬಿಣ ನೋಡನೋಡುತ್ತಿದ್ದಂತೆ ಕೆಂಪಾಗುತ್ತದೆ. ತೇವದ ಜೊತೆ ಉಪ್ಪೂ ಇರುತ್ತದೆ. ಹಾಗೆ ಹಿಡಿದ ತುಕ್ಕನ್ನು ಒರೆಸಿ ಬಿಟ್ಟರೂ ಗೆರೆಗಳೊಳಗೆ ಉಳಿದದ್ದು ರಿಂಗನ್ನು ತಿನ್ನುತ್ತದೆ. ಆಯಿಲ್ ಸವರಿದ ಬ್ಲಾಕನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಇಡೀ ಕೆಲಸವನ್ನೇ ಡಿಸೆಂಬರಿನಿಂದ ಮಾರ್ಚಿನೊಳಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಆದರೆ ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೆ ಕೊಯ್ಲಿನ ಆ ತಿಂಗಳುಗಳಲ್ಲಿ ಬಿಡುವೆಲ್ಲಿ?

ಜೋಡಣೆ

ರಿಂಗಿನ ಬಾಯಿ ಮೊದಲು. ರಿಂಗನ್ನು ಬೋರಿನೊಳಗೆ ಹಾಕಿ, ಪಿಸ್ಟನ್ ತಲೆಯಿಂದ ತಳ್ಳಿ ಸಮ ಮಾಡಿ, ಫೀಲರ್ ಗೇಜಿನಿಂದ ಎರಡು ತುದಿಗಳ ನಡುವಿನ ಸಂದಿ ನೋಡಿ. ಮೇಲಿನ ರಿಂಗಿಗೆ ಬೋರಿನ ನೂರಕ್ಕೆ 0.4 ಎಂದು ಲೆಕ್ಕ ಹಿಡಿದರೆ 74.5ಕ್ಕೆ 0.30 ಮಿಲಿಮೀಟರ್, ಎರಡನೆಯದಕ್ಕೆ 0.35. ಕಡಿಮೆಯಿದ್ದರೆ ತುದಿಯನ್ನು ಹೊರಗಿನಿಂದ ಒಳಮುಖವಾಗಿ ಮಾತ್ರ ಅರ ಹಾಕಿ. ಸಂದಿ ಸಾಲದಿದ್ದರೆ ಬಿಸಿಯಲ್ಲಿ ತುದಿಗಳು ಗುದ್ದಿಕೊಂಡು ಪಿಸ್ಟನ್ನಿನ ಏಣನ್ನು ಒಡೆಯುತ್ತವೆ, ಸ್ವಲ್ಪ ಹೆಚ್ಚಾದರೆ ಅಂಥ ನಷ್ಟವಿಲ್ಲ.

ಬೇರಿಂಗುಗಳ ಸಡಿಲವನ್ನು ಪ್ಲಾಸ್ಟಿಗೇಜ್ ಎಂಬ ಮೆತ್ತನೆಯ ಎಳೆ ಇಟ್ಟು, ಬಿಗಿದು, ಬಿಚ್ಚಿ ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ನೋಡಿ. ಗಜನ್ ಪಿನ್ ರಾಡಿನಲ್ಲಿ ಬಿಗಿಯಾಗಿ ಕೂರುವ ಬಗೆಯಾದರೆ ಆ ಕೆಲಸ ಪ್ರೆಸ್ ಇರುವ ಅಂಗಡಿಯಲ್ಲೇ ಆಗಲಿ, ಸುತ್ತಿಗೆಯಲ್ಲಿ ಬೇಡ. ಸರ್ಕ್ಲಿಪ್ ಇರುವ ಬಗೆಯಾದರೆ ಸರ್ಕ್ಲಿಪ್ ಹೊಸದು. ಪಿಸ್ಟನ್ ತಲೆಯ ಬಾಣದ ಗುರುತು ಎಂಜಿನ್ನಿನ ಮುಂಭಾಗಕ್ಕೆ. ರಿಂಗಿನ ಬಾಯಿಗಳು ಒಂದರ ಕೆಳಗೊಂದು ಬರದಂತೆ ಸುತ್ತ ಹಂಚಿ. ರಾಡಿನ ಬೋಲ್ಟಿಗೆ ರಬ್ಬರ್ ಪೈಪಿನ ತುಂಡು ತೊಡಿಸಿದರೆ ಕ್ರ್ಯಾಂಕಿಗೆ ಗೀರು ಬೀಳುವುದಿಲ್ಲ. ಟಾರ್ಕಿನ ಅಂಕಿಗಳನ್ನು ನಿಮ್ಮ ಎಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಹೆಡ್ಡನ್ನು ಕೊನೆಯದಾಗಿ ಬಿಗಿಯುವ ಮೊದಲು ಒಂದು ಪರೀಕ್ಷೆ ಬಾಕಿಯಿದೆ. ಪಿಸ್ಟನ್ ಮೇಲಕ್ಕೆ ಬಂದಿದೆ, ವಾಲ್ವ್ ತಾಗುತ್ತದೆಯೇ? ಒಂದು ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಬಣ್ಣದ ಕ್ಲೇ ಹಚ್ಚಿ, ಮೇಲೆ ಎಣ್ಣೆ ಸವರಿ, ಹಳೆಯ ಗ್ಯಾಸ್ಕೆಟ್ ಹಾಕಿ ಹೆಡ್ ಕೂರಿಸಿ, ಬೆಲ್ಟ್ ಹೊಂದಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ. ಬಿಚ್ಚಿ, ವಾಲ್ವ್ ಒತ್ತಿದ ಜಾಗದಲ್ಲಿ ಕ್ಲೇಯನ್ನು ಬ್ಲೇಡಿನಿಂದ ಕೊಯ್ದು ದಪ್ಪ ಅಳೆಯಿರಿ. ಒಳಬರುವ ವಾಲ್ವಿಗೆ 2 ಮಿಲಿಮೀಟರ್, ಹೊಗೆಯ ವಾಲ್ವಿಗೆ 2.5 ಮಿಲಿಮೀಟರ್ ಉಳಿದಿರಬೇಕು. ನಮ್ಮ ಮೇಸ್ತ್ರಿಯ ಹುಡುಗ ಉತ್ಸಾಹದಿಂದ ಗಣಪತಿ ಮಾಡುವವರ ಮನೆಯಿಂದ ಜೇಡಿಮಣ್ಣು ತಂದಿದ್ದ. ಅದರಲ್ಲಿನ ಮರಳಿನ ಕಣ ಒಂದೇ ಸಾಕು ಹೊಸ ಬೋರಿಗೆ ಗೀರು ಹಾಕಲು. ಮಣ್ಣನ್ನು ವಾಪಸು ಕಳಿಸಿ, ಹತ್ತು ರೂಪಾಯಿ ಕೊಟ್ಟು ಶಾಲೆಯ ಪಕ್ಕದ ಅಂಗಡಿಗೆ ಅಟ್ಟಿದೆ.

ಹೊಸ ಗ್ಯಾಸ್ಕೆಟ್ಟಿನೊಂದಿಗೆ ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಿರಿ. ಸ್ಪಾರ್ಕ್ ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದಿರಲಿ, ಅಂದರೆ ಶಾಖವನ್ನು ಬೇಗ ಹೊರಹಾಕುವ ದರ್ಜೆಯದು.

ಮೊದಲ ಸಾವಿರ ಕಿಲೋಮೀಟರ್

ಮಿನರಲ್ ಆಯಿಲ್ ತುಂಬಿ. ಪ್ಲಗ್ ಇಲ್ಲದೆ ಸ್ಟಾರ್ಟರ್ ತಿರುಗಿಸಿ ಆಯಿಲ್ ಒತ್ತಡದ ದೀಪ ಆರಿದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಸೋರಿಕೆ ನೋಡಿಕೊಂಡು ಹೊರಡಿ. ಅಂಗಳದಲ್ಲಿ ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವುದು ಹಳೆಯ ಕಾಲದ ತಪ್ಪು. ಗೋಡೆಗೆ ರಿಂಗನ್ನು ಒತ್ತುವುದು ಉರಿಯುವ ಅನಿಲದ ಒತ್ತಡ. ಭಾರವೇ ಇಲ್ಲದಿದ್ದರೆ ರಿಂಗು ಕೂರುವುದಿಲ್ಲ, ಗೋಡೆ ಮಾತ್ರ ನುಣುಪಾಗುತ್ತದೆ. ಅಂಕೋಲಾ–ಕಾರವಾರ ಹೆದ್ದಾರಿಯಂಥ ಸಪಾಟು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 35ರಿಂದ 60ಕ್ಕೆ ಚೆನ್ನಾಗಿ ಎಳೆದು, ಆಕ್ಸಿಲರೇಟರ್ ಬಿಟ್ಟು ತಾನಾಗಿ ಇಳಿಯಲು ಬಿಡಿ. ಹೀಗೆ ಇಪ್ಪತ್ತು ಮೂವತ್ತು ಸಲ. 100 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. 1000ಕ್ಕೆ ಇನ್ನೊಮ್ಮೆ. 500 ದಾಟುವ ತನಕ ಅರಬೈಲ್, ದೇವಿಮನೆ, ಅಣಶಿ ಯಾವ ಘಟ್ಟವನ್ನೂ ಭಾರ ಹೊತ್ತು ಹತ್ತಬೇಡಿ.

ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಸಮಯವನ್ನು, ಕೈಯಿಂದ ತಿರುಗಿಸಬಹುದಾದ ಗಾಡಿಯಾದರೆ ಕಂಪನಿಯ ಗುರುತಿಗಿಂತ 2 ಡಿಗ್ರಿ ಹಿಂದಿಟ್ಟು ಶುರುಮಾಡಿ. ಪರೀಕ್ಷೆ ಘಟ್ಟದ ಬುಡದಲ್ಲಿ, ಬಿಸಿಲು ಏರಿದ ಮೇಲೆ, ಕಿಟಕಿ ಇಳಿಸಿ, ಪಕ್ಕದಲ್ಲಿ ಕಿವಿ ಚುರುಕಿರುವ ಒಬ್ಬರನ್ನು ಕೂರಿಸಿಕೊಂಡು. ಕಡಿಮೆ ವೇಗದಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಎರಡು ಸೆಕೆಂಡ್ ಕೇಳಿ. ಸದ್ದಿಲ್ಲದಿದ್ದರೆ ಒಂದು ಡಿಗ್ರಿ ಮುಂದೆ. ಸದ್ದು ಬಂದ ತಕ್ಷಣ ಕಾಲು ತೆಗೆದು ಎರಡು ಡಿಗ್ರಿ ಹಿಂದೆ, ಅಲ್ಲೇ ಬಿಗಿದುಬಿಡಿ. ಮನೆಗೆ ಬಂದು ಪ್ಲಗ್ ಬಿಚ್ಚಿ ನೋಡಿ: ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳಿದ್ದರೆ ಕಿವಿಗೆ ಕೇಳಿಸದ ನಾಕಿಂಗ್ ಇದೆ, ಇನ್ನೂ ಒಂದು ಡಿಗ್ರಿ ಹಿಂದಿಡಿ. ಕಂದುಬಣ್ಣ ಸಮನಾಗಿದ್ದರೆ ಸರಿ.

1000 ಕಿಲೋಮೀಟರ್ ಆದ ಮೇಲೆ ಕಂಪ್ರೆಷನ್ ಗೇಜನ್ನು ಮತ್ತೆ ಹಾಕಿ, ಮೊದಲು ಬರೆದಿಟ್ಟ ಅಂಕಿಗಳ ಪಕ್ಕದಲ್ಲೇ ಹೊಸದನ್ನು ಬರೆಯಿರಿ. ನಾಲ್ಕು ಸಿಲಿಂಡರುಗಳ ನಡುವೆ ಒಂದು ಕಿಲೋಗಿಂತ (ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ) ಹೆಚ್ಚು ಅಂತರವಿರಬಾರದು. ನನ್ನ ಗಾಡಿ ಈಗ ಅದೇ ಐದು ಚೀಲ ಗೊಬ್ಬರ ಹೊತ್ತು ದೇವಿಮನೆ ಹತ್ತುತ್ತದೆ, ಮೂರನೇ ತಿರುವಿನಲ್ಲಿ ನಾನೇ ಎರಡನೇ ಗೇರಿಗೆ ಇಳಿಸುತ್ತೇನೆ.